ಸಮುದಾಯ ಸಂಸ್ಥೆಗಳ ವಶದಲ್ಲಿರುವ ಹಸ್ತಪ್ರತಿ ಹಾಗೂ ಪಾರಂಪರಿಕ ಸಂಗ್ರಹಗಳ ಸಂರಕ್ಷಣೆಗೆ ಧನಸಹಾಯ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕದ ತಾಳೆಗರಿ ಹಸ್ತಪ್ರತಿಗಳು, ಕಡತಗಳು, ಕಾಗದದ ದಾಖಲೆಗಳು, ಹಳೆಯ ಮುದ್ರಿತ ಗ್ರಂಥಗಳು ಹಾಗೂ ಛಾಯಾಚಿತ್ರಗಳೆಲ್ಲವೂ ಸರ್ಕಾರಿ ಸಂಗ್ರಹಾಲಯಗಳಲ್ಲಿ ಇಲ್ಲ. ಅವುಗಳಲ್ಲಿ ಗಣನೀಯ ಭಾಗವು ಮಠಗಳು, ಬಸದಿಗಳು, ದೇವಾಲಯಗಳು, ದರ್ಗಾಗಳು, ಚರ್ಚುಗಳು, ಊರಿನ ವಾಚನಾಲಯಗಳು, ಸಾಹಿತ್ಯ ಸಂಘಗಳು, ಯಕ್ಷಗಾನ ಮಂಡಳಿಗಳು ಮತ್ತು ಹಳೆಯ ಮನೆತನಗಳ ವಶದಲ್ಲಿ ಉಳಿದುಬಂದಿದೆ. ಇವುಗಳನ್ನು ಇಲ್ಲಿ 'ಸಮುದಾಯ ಸಂಗ್ರಹಗಳು' ಎಂದು ಕರೆಯಲಾಗಿದೆ.

ಇಂತಹ ಸಂಗ್ರಹಗಳ ಮಹತ್ವವನ್ನು ಹಲವು ನಿದರ್ಶನಗಳು ಸ್ಪಷ್ಟಪಡಿಸುತ್ತವೆ. ಫ. ಗು. ಹಳಕಟ್ಟಿಯವರು ವಕೀಲ ವೃತ್ತಿಯಲ್ಲಿದ್ದುಕೊಂಡು ವಿಜಯಪುರ ಸುತ್ತಮುತ್ತಲಿನ ಮನೆಗಳು ಮತ್ತು ಮಠಗಳಿಂದ ತಾಳೆಗರಿ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದ ಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅದನ್ನು ಮುದ್ರಣಕ್ಕೆ ತಂದರು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ ಮತ್ತು ಮಹಾಧವಲಾ ಪ್ರತಿಗಳು ಇಲ್ಲದಿದ್ದಲ್ಲಿ ದಿಗಂಬರ ಜೈನ ಆಗಮಗಳ ಮೂಲ ಪಾಠವು ಇಂದು ದೊರೆಯುತ್ತಿರಲಿಲ್ಲ.

ಈ ಮೂರೂ ನಿದರ್ಶನಗಳಲ್ಲಿ ಗ್ರಂಥವನ್ನು ಉಳಿಸಿದವರು ಅದರ ಪಾಲಕರು. ಅದನ್ನು ಬೆಳಕಿಗೆ ತಂದವರು ಕಟ್ಟನ್ನು ಬಿಚ್ಚಿ ಅದರಲ್ಲಿ ಏನಿದೆ ಎಂದು ಬರೆದಿಟ್ಟವರು. ಧನಸಹಾಯ ಕೋರುವ ಸಂಸ್ಥೆಗಳು ಈ ಅಂಶವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಹಲವು ಸಂಸ್ಥೆಗಳು ಮೊದಲ ಅರ್ಜಿಯಲ್ಲಿಯೇ ಕಟ್ಟಡ, ಕಬ್ಬಿಣದ ಬೀರು ಅಥವಾ ಕ್ಯಾಮೆರಾ ಕೋರುತ್ತವೆ. ಆದರೆ ಸಂಗ್ರಹದಲ್ಲಿ ಎಷ್ಟು ವಸ್ತುಗಳಿವೆ, ಅವು ಯಾವುವು, ಯಾವ ಸ್ಥಿತಿಯಲ್ಲಿವೆ ಎಂಬ ಪಟ್ಟಿ ಇಲ್ಲದ ಅರ್ಜಿಯನ್ನು ಮೌಲ್ಯಮಾಪನ ಮಾಡಲು ಯಾವುದೇ ಸಮಿತಿಗೂ ಆಧಾರವಿರುವುದಿಲ್ಲ. ಪಟ್ಟಿ ಇಲ್ಲದ ಸಂಗ್ರಹದಿಂದ ಒಂದು ಕಟ್ಟು ಕಾಣೆಯಾದರೂ ಅದು ಇತ್ತೆಂದು ಸಾಬೀತುಪಡಿಸಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಧನಸಹಾಯದ ಸಿದ್ಧತೆಯು ಪಟ್ಟಿಯಿಂದ ಪ್ರಾರಂಭವಾಗತಕ್ಕದ್ದು.

2. ಪದಗಳ ಅರ್ಥ ವಿವರಣೆ

ಹಸ್ತಪ್ರತಿ: ಕಾಗದ, ತೊಗಟೆ, ಬಟ್ಟೆ, ಲೋಹ, ತಾಳೆಗರಿ ಅಥವಾ ಇತರೆ ವಸ್ತುವಿನ ಮೇಲೆ ಕೈಯಿಂದ ಬರೆದ, ಕನಿಷ್ಠ 75 ವರ್ಷ ಹಳೆಯದಾದ ಹಾಗೂ ವೈಜ್ಞಾನಿಕ, ಐತಿಹಾಸಿಕ ಅಥವಾ ಸೌಂದರ್ಯಾತ್ಮಕ ಮೌಲ್ಯವುಳ್ಳ ಕೃತಿ. 2003ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಈ ವ್ಯಾಖ್ಯೆಯನ್ನು ಅನುಸರಿಸಿದೆ. ಕಲ್ಲಚ್ಚಿನ ಪ್ರತಿಗಳು ಮತ್ತು ಮುದ್ರಿತ ಪುಸ್ತಕಗಳು ಎಷ್ಟೇ ಹಳೆಯದಾಗಿದ್ದರೂ ಹಸ್ತಪ್ರತಿ ಎನಿಸಿಕೊಳ್ಳುವುದಿಲ್ಲ. ಅವುಗಳಿಗೆ ಅಪರೂಪದ ಗ್ರಂಥಗಳ ಶೀರ್ಷಿಕೆಯಡಿ ಸಹಾಯ ಕೋರಬೇಕಾಗುತ್ತದೆ.

ಪ್ರಾಚೀನ ವಸ್ತು: ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ, 1972ರ ಪ್ರಕಾರ ಸಾಮಾನ್ಯವಾಗಿ 100 ವರ್ಷಕ್ಕೆ ಕಡಿಮೆಯಿಲ್ಲದ ವಿಗ್ರಹ, ಶಿಲ್ಪ, ಚಿತ್ರ, ನಾಣ್ಯ ಮುಂತಾದ ವಸ್ತುಗಳು. ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಅವಧಿಯು 75 ವರ್ಷ.

ಕಡತ: ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಮಡಿಕೆಗಳಾಗಿ ಮಾಡಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕಪತ್ರ ಹಾಗೂ ದಾಖಲೆ ಪುಸ್ತಕ. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂದು ಕಛೇರಿಗಳಲ್ಲಿ ಬಳಕೆಯಲ್ಲಿರುವ 'ಕಡತ' ಎಂಬ ಪದಕ್ಕೆ ಇದೇ ಮೂಲ. ಬಳಪದ ಬರವಣಿಗೆಯು ಕೈ ತಾಗಿದರೂ ಅಳಿಸಿಹೋಗುವುದರಿಂದ ಕಡತಗಳನ್ನು ಯಾವುದೇ ಕಾರಣಕ್ಕೂ ಒರೆಸಬಾರದು.

3. ಧನಸಹಾಯದ ಮೂಲಗಳು

ಸಮುದಾಯ ಸಂಗ್ರಹಗಳಿಗೆ ನೆರವು ನೀಡುವ ಮೂಲಗಳು ಒಂದಕ್ಕಿಂತ ಹೆಚ್ಚು ಇವೆ. ಪ್ರತಿಯೊಂದರ ಉದ್ದೇಶ ಭಿನ್ನವಾಗಿರುವುದರಿಂದ ತಮ್ಮ ಸಂಗ್ರಹಕ್ಕೆ ಯಾವುದು ಸೂಕ್ತವೆಂದು ನಿರ್ಧರಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು.

(ಅ) ಜ್ಞಾನ ಭಾರತಂ: ಕೇಂದ್ರ ಸರ್ಕಾರದ 2025-26ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಈ ಅಭಿಯಾನವು 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆಯ ಗುರಿ ಹೊಂದಿದೆ. ಶಿಕ್ಷಣ ಸಂಸ್ಥೆಗಳು, ಸಂಗ್ರಹಾಲಯಗಳು ಮತ್ತು ಗ್ರಂಥಾಲಯಗಳ ಜೊತೆಗೆ ಖಾಸಗಿ ಸಂಗ್ರಾಹಕರ ಬಳಿ ಇರುವ ಹಸ್ತಪ್ರತಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಹಿಂದೆ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನಕ್ಕೆ ನಿಗದಿಯಾಗಿದ್ದ ರೂ. 3.5 ಕೋಟಿ ಅನುದಾನವನ್ನು ಸದರಿ ಆಯವ್ಯಯದಲ್ಲಿ ರೂ. 60 ಕೋಟಿಗೆ ಹೆಚ್ಚಿಸಲಾಯಿತು. ಅಭಿಯಾನದ ಜಾಲತಾಣವನ್ನು 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ಉದ್ಘಾಟಿಸಲಾಯಿತು.

(ಆ) ರಾಷ್ಟ್ರೀಯ ಪತ್ರಾಗಾರ: ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು, ಶಿಕ್ಷಣ ಸಂಸ್ಥೆಗಳು ಹಾಗೂ ಗ್ರಂಥಾಲಯಗಳ ವಶದಲ್ಲಿರುವ ಹಸ್ತಪ್ರತಿ ಮತ್ತು ಅಪರೂಪದ ಗ್ರಂಥಗಳ ಸಂರಕ್ಷಣೆಗೆ ಧನಸಹಾಯ ಯೋಜನೆಯನ್ನು ನಿರ್ವಹಿಸುತ್ತಾ ಬಂದಿದೆ.

(ಇ) ಕೇಂದ್ರ ಸಂಸ್ಕೃತಿ ಸಚಿವಾಲಯದ ಸಂಗ್ರಹಾಲಯ ಧನಸಹಾಯ ಯೋಜನೆ: ಸಂಘ, ನ್ಯಾಸ ಮತ್ತು ಸ್ಥಳೀಯ ಸಂಸ್ಥೆಗಳು ನಡೆಸುವ ಪ್ರಾದೇಶಿಕ ಹಾಗೂ ಸ್ಥಳೀಯ ಸಂಗ್ರಹಾಲಯಗಳ ಸ್ಥಾಪನೆ, ಅಭಿವೃದ್ಧಿ ಮತ್ತು ಸಂಗ್ರಹದ ಡಿಜಿಟಲೀಕರಣಕ್ಕೆ ಸಂಬಂಧಿಸಿದೆ. ಸಾರ್ವಜನಿಕರ ವೀಕ್ಷಣೆಗೆ ತೆರೆದಿರುವ ಸಂಗ್ರಹಗಳಿಗೆ ಇದು ಸೂಕ್ತ.

(ಈ) ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ, ಕೋಲ್ಕತ್ತ: 1972ರಲ್ಲಿ ಸ್ಥಾಪಿತವಾದ ಈ ಪ್ರತಿಷ್ಠಾನವು ಸಾರ್ವಜನಿಕ ಗ್ರಂಥಾಲಯ ಸೇವೆ ಒದಗಿಸುವ ಸ್ವಯಂಸೇವಾ ಸಂಸ್ಥೆಗಳಿಗೂ ನೆರವು ನೀಡುತ್ತದೆ. ಹಳೆಯ ವಾಚನಾಲಯಗಳು ಇದನ್ನು ಪರಿಶೀಲಿಸಬಹುದು.

(ಉ) ರಾಜ್ಯ ಸರ್ಕಾರ: ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಾಂಸ್ಕೃತಿಕ ಸಂಘ ಸಂಸ್ಥೆಗಳಿಂದ ಧನಸಹಾಯಕ್ಕೆ ಅರ್ಜಿಗಳನ್ನು ಆಹ್ವಾನಿಸುತ್ತದೆ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಹಾಗೂ ರಾಜ್ಯ ಪತ್ರಾಗಾರ ಇಲಾಖೆಗಳಿಂದ ತಾಂತ್ರಿಕ ಮಾರ್ಗದರ್ಶನ ಕೋರಬಹುದು.

(ಊ) ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ: ಕಂಪನಿಗಳ ಕಾಯ್ದೆ, 2013ರ ಪ್ರಕರಣ 135ರಂತೆ ನಿಗದಿತ ಮಿತಿಗೆ ಒಳಪಡುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಕಾಯ್ದೆಯ 7ನೇ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆ ಹಾಗೂ ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ ಸೇರಿವೆ. ಈ ಹಣ ಪಡೆದು ಕಾರ್ಯ ನಿರ್ವಹಿಸುವ ಸಂಸ್ಥೆಗಳು 01-04-2021ರಿಂದ ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ.

(ಋ) ವಿದೇಶಿ ನೆರವು: ಬ್ರಿಟಿಷ್ ಲೈಬ್ರರಿಯು 2004ರಲ್ಲಿ ಆರಂಭಿಸಿದ ಅಳಿವಿನಂಚಿನ ದಾಖಲೆಗಳ ಕಾರ್ಯಕ್ರಮವು ಡಿಜಿಟಲೀಕರಣಕ್ಕೆ ಅನುದಾನ ನೀಡುತ್ತಿದ್ದು, ಮೂಲ ಪ್ರತಿಗಳು ಆಯಾ ದೇಶದಲ್ಲಿಯೇ ಉಳಿಯಬೇಕೆಂಬುದು ಅದರ ನಿಯಮ. ಆದರೆ ವಿದೇಶಿ ಮೂಲದ ಯಾವುದೇ ಹಣ ಪಡೆಯಲು ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010ರಡಿ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. 2020ರ ತಿದ್ದುಪಡಿಯ ನಂತರ ಇಂತಹ ಹಣವನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲಿಯೇ ಸ್ವೀಕರಿಸಬೇಕು. ಹೊರದೇಶದ ಕನ್ನಡ ಸಂಘಗಳಿಂದ ಅಥವಾ ವಿದೇಶಿ ಪೌರತ್ವ ಪಡೆದ ಊರಿನವರಿಂದ ಬರುವ ದೇಣಿಗೆಗೂ ಈ ನಿಯಮ ಅನ್ವಯಿಸುತ್ತದೆ. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ನೀಡುವ ದೇಣಿಗೆಯು ವಿದೇಶಿ ವಂತಿಗೆಯಾಗುವುದಿಲ್ಲ.

ಮೇಲ್ಕಂಡ ಯೋಜನೆಗಳ ಮೊತ್ತ, ಸಂಸ್ಥೆ ಭರಿಸಬೇಕಾದ ಪಾಲು ಮತ್ತು ಕೊನೆಯ ದಿನಾಂಕಗಳು ಆಯಾ ಅಧಿಸೂಚನೆಯಂತೆ ಇರುತ್ತವೆ. ಅರ್ಜಿ ಸಲ್ಲಿಸುವ ವರ್ಷದ ಅಧಿಸೂಚನೆಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.

4. ಅರ್ಹತೆ ಮತ್ತು ಪೂರ್ವ ಸಿದ್ಧತೆ

4.1 ಸಂಸ್ಥೆಯು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ನೋಂದಣಿಯಾಗಿರಬೇಕು ಅಥವಾ ನೋಂದಾಯಿತ ಸಾರ್ವಜನಿಕ ನ್ಯಾಸವಾಗಿರಬೇಕು. ಸಾಮಾನ್ಯವಾಗಿ 3 ವರ್ಷಗಳ ಲೆಕ್ಕಪರಿಶೋಧಿತ ಲೆಕ್ಕಪತ್ರಗಳನ್ನು ಕೇಳಲಾಗುತ್ತದೆ. ಹೊಸದಾಗಿ ನೋಂದಣಿಯಾದ ಸಂಸ್ಥೆಗಳು ಈ ಅವಧಿಯನ್ನು ಪಟ್ಟಿ ತಯಾರಿಕೆಗೆ ಬಳಸಿಕೊಳ್ಳಬಹುದು.

4.2 ಸಂಘಗಳು ಪ್ರತಿ ವರ್ಷ ವಾರ್ಷಿಕ ಮಹಾಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಿರಬೇಕು. ಹಲವು ವರ್ಷ ಇದನ್ನು ಸಲ್ಲಿಸದಿದ್ದಲ್ಲಿ, ಅರ್ಜಿ ಹಾಕುವ ಮುನ್ನವೇ ಬಾಕಿಯನ್ನು ಪೂರೈಸಿಕೊಳ್ಳತಕ್ಕದ್ದು.

4.3 ಕೇಂದ್ರ ಸರ್ಕಾರದ ಧನಸಹಾಯ ಕೋರುವ ಸ್ವಯಂಸೇವಾ ಸಂಸ್ಥೆಗಳು ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಹಣ ಬಿಡುಗಡೆಗೆ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆಯ ನೋಂದಣಿ ಅಗತ್ಯ. ಖಾತೆಯು ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ವೈಯಕ್ತಿಕ ಖಾತೆಗೆ ಹಣ ಬಿಡುಗಡೆಯಾಗುವುದಿಲ್ಲ.

4.4 ಸಂಗ್ರಹದ ಒಡೆತನವು ಸ್ಪಷ್ಟವಾಗಿರಬೇಕು. ಮನೆತನವೊಂದರ ಹಸ್ತಪ್ರತಿಗಳನ್ನು ಸಂಘವು ಪಾಲನೆ ಮಾಡುತ್ತಿದ್ದಲ್ಲಿ, ಅವುಗಳನ್ನು ದಾನವಾಗಿ ನೀಡಲಾಗಿದೆಯೇ ಅಥವಾ ಪಾಲನೆಗಾಗಿ ಮಾತ್ರ ಒಪ್ಪಿಸಲಾಗಿದೆಯೇ ಎಂಬುದನ್ನು ಲಿಖಿತ ಒಡಂಬಡಿಕೆಯಲ್ಲಿ ನಮೂದಿಸಬೇಕು. ಮುಜರಾಯಿ ದೇವಾಲಯದ ಸಂಗ್ರಹವಾಗಿದ್ದಲ್ಲಿ ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿಯನ್ನು ಮುಂಚಿತವಾಗಿ ಪಡೆದುಕೊಳ್ಳುವುದು ಸೂಕ್ತ.

5. ಕಾರ್ಯಗಳ ಅನುಕ್ರಮ

ಸಂರಕ್ಷಣಾ ಕಾರ್ಯವನ್ನು ಈ ಕೆಳಕಂಡ ಅನುಕ್ರಮದಲ್ಲಿ ಕೈಗೊಂಡಲ್ಲಿ ಒಂದು ಹಂತಕ್ಕೆ ವೆಚ್ಚ ಮಾಡಿದ ಹಣವು ಮುಂದಿನ ಹಂತಕ್ಕೆ ಆಧಾರವಾಗುತ್ತದೆ.

ಮೊದಲನೇ ಹಂತ - ದಾಸ್ತಾನು ಪಟ್ಟಿ: ಪ್ರತಿ ಕಟ್ಟಿಗೆ ಕ್ರಮಸಂಖ್ಯೆ ನೀಡಿ, ಪುಟಸಂಖ್ಯೆಯುಳ್ಳ ವಹಿಯಲ್ಲಿ ಕೃತಿಯ ಹೆಸರು, ಕರ್ತೃ, ಭಾಷೆ, ಲಿಪಿ, ವಸ್ತು, ಗರಿ ಅಥವಾ ಹಾಳೆಗಳ ಸಂಖ್ಯೆ, ಅಳತೆ, ಪೂರ್ಣವೇ ಅಪೂರ್ಣವೇ ಎಂಬ ವಿವರ ಹಾಗೂ ಎಲ್ಲಿಂದ ಬಂದಿತೆಂಬ ಮಾಹಿತಿಯನ್ನು ದಾಖಲಿಸಬೇಕು. ಭಾಷೆ ಮತ್ತು ಲಿಪಿಯನ್ನು ಪ್ರತ್ಯೇಕವಾಗಿ ಬರೆಯಬೇಕು. ಕನ್ನಡ ಲಿಪಿಯಲ್ಲಿ ಸಂಸ್ಕೃತ ಅಥವಾ ಪ್ರಾಕೃತ ಕೃತಿಗಳಿರುವುದು ಸಾಮಾನ್ಯ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿದ್ದಲ್ಲಿ ಪ್ರತಿಯೊಂದನ್ನೂ ನಮೂದಿಸಬೇಕು. ಓದಲಾಗದಿದ್ದಲ್ಲಿ 'ಗುರುತಿಸಿಲ್ಲ' ಎಂದು ಬರೆದು ಗರಿಗಳನ್ನು ಎಣಿಸಿಡುವುದು ಸಾಕು. ಊಹಿಸಿ ಹೆಸರು ಬರೆಯಬಾರದು. ಕ್ರಮಸಂಖ್ಯೆಯನ್ನು ಗರಿಯ ಮೇಲೆ ಬರೆಯದೆ ಚೀಟಿಯಲ್ಲಿ ಬರೆದು ದಾರಕ್ಕೆ ಕಟ್ಟಬೇಕು.

ಎರಡನೇ ಹಂತ - ಮಹತ್ವದ ಮೌಲ್ಯಮಾಪನ: ಸಂಗ್ರಹವು ಯಾರಿಗೆ, ಯಾವ ಕಾರಣಕ್ಕೆ ಮುಖ್ಯವೆಂಬುದನ್ನು ವಿಷಯ ಬಲ್ಲವರಿಂದ ಬರೆಯಿಸಬೇಕು. 'ಅತ್ಯಂತ ಪ್ರಾಚೀನ', 'ಅಮೂಲ್ಯ' ಎಂಬ ವಿಶೇಷಣಗಳಿಗಿಂತ, ಕೃತಿಯು ಮುದ್ರಿತವಾಗಿದೆಯೇ, ಬೇರೆ ಪ್ರತಿಗಳಿವೆಯೇ, ಲಿಪಿಕಾರನ ಹೆಸರು ಮತ್ತು ಕಾಲದ ಉಲ್ಲೇಖವಿದೆಯೇ ಎಂಬ ಸಂಗತಿಗಳು ಹೆಚ್ಚು ತೂಕ ಪಡೆಯುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಸಂಸ್ಥೆಗಳ ವಿದ್ವಾಂಸರ ಸಲಹೆ ಕೋರಬಹುದು. ಊರಿನ ಸಂಘದ ನಡವಳಿ ಪುಸ್ತಕ ಅಥವಾ ಅಂಗಡಿಯ ಲೆಕ್ಕದ ಕಡತವು ಕಾವ್ಯದಷ್ಟೇ ಮಹತ್ವ ಪಡೆಯಬಹುದೆಂಬುದನ್ನು ಮರೆಯಬಾರದು.

ಮೂರನೇ ಹಂತ - ಸ್ಥಿತಿಗತಿ ವರದಿ: ಗೆದ್ದಲು, ಹುಳು, ಶಿಲೀಂಧ್ರ, ತೇವಾಂಶ, ಮುರಿದ ಅಂಚು ಹಾಗೂ ಒಂದಕ್ಕೊಂದು ಅಂಟಿಕೊಂಡ ಗರಿಗಳನ್ನು ಗುರುತಿಸಿ, ಪ್ರತಿ ಕಟ್ಟನ್ನು ಉತ್ತಮ, ಮಧ್ಯಮ ಮತ್ತು ತುರ್ತು ಎಂದು ವರ್ಗೀಕರಿಸಬೇಕು. ಕೊಠಡಿಯ ಸೋರಿಕೆ, ವಿದ್ಯುತ್ ತಂತಿ ಮತ್ತು ಬೀಗದ ವ್ಯವಸ್ಥೆಯೂ ವರದಿಯಲ್ಲಿ ಇರಬೇಕು.

ನಾಲ್ಕನೇ ಹಂತ - ತರಬೇತಿ: ಸಂಗ್ರಹವನ್ನು ನಿತ್ಯ ನೋಡಿಕೊಳ್ಳುವ ಕನಿಷ್ಠ ಇಬ್ಬರಿಗೆ ಶುಚಿಗೊಳಿಸುವ ಮತ್ತು ಕಟ್ಟುವ ತರಬೇತಿ ಕೊಡಿಸಬೇಕು. ಒಬ್ಬರಿಗೆ ಮಾತ್ರ ತಿಳಿದಿದ್ದಲ್ಲಿ ಅವರ ನಂತರ ಕಾರ್ಯ ನಿಂತುಹೋಗುತ್ತದೆ.

ಐದನೇ ಹಂತ - ಚಿಕಿತ್ಸೆ ಮತ್ತು ಶೇಖರಣೆ: 'ತುರ್ತು' ಎಂದು ಗುರುತಿಸಿದವುಗಳಿಗೆ ಮೊದಲು ತಜ್ಞರಿಂದ ಚಿಕಿತ್ಸೆ ಕೊಡಿಸಬೇಕು. ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಮತ್ತು ಬೆಂಗಳೂರಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರಗಳು ಈ ಕ್ಷೇತ್ರದಲ್ಲಿ ಪರಿಣತಿ ಹೊಂದಿವೆ. ಪೆಟ್ಟಿಗೆ, ಬಟ್ಟೆ, ಮರದ ಹಲಗೆ ಮತ್ತು ಬೀರುಗಳ ಖರೀದಿಯನ್ನು ಈ ಹಂತದಲ್ಲಿ ಸೇರಿಸಬೇಕು. ಅಳತೆ ಗೊತ್ತಿಲ್ಲದೆ ಖರೀದಿಸಿದ ಬೀರುವಿನಲ್ಲಿ ಉದ್ದನೆಯ ಶ್ರೀತಾಳೆ ಗರಿಗಳು ಹಿಡಿಸುವುದಿಲ್ಲ.

ಆರನೇ ಹಂತ - ಡಿಜಿಟಲೀಕರಣ: ಶುಚಿಗೊಳಿಸಿ, ಗರಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದ ನಂತರವೇ ಛಾಯಾಗ್ರಹಣ ಮಾಡಬೇಕು. ಕ್ರಮ ತಪ್ಪಿದ ಗರಿಗಳನ್ನು ಹಾಗೆಯೇ ಚಿತ್ರೀಕರಿಸಿದಲ್ಲಿ ತಪ್ಪು ಕ್ರಮವೇ ಶಾಶ್ವತವಾಗುತ್ತದೆ. ಡಿಜಿಟಲ್ ಪ್ರತಿಯು ಮೂಲ ಪ್ರತಿಗೆ ಬದಲಿಯಲ್ಲ. ಚಿತ್ರೀಕರಣದ ನಂತರ ಮೂಲವನ್ನು ನಿರ್ಲಕ್ಷಿಸಬಾರದು.

6. ಅಂದಾಜು ಪಟ್ಟಿ ತಯಾರಿಸುವ ಬಗೆ

ಅಂದಾಜು ಪಟ್ಟಿಯು ಎಣಿಕೆಯನ್ನು ಆಧರಿಸಿರಬೇಕು. ಉದಾಹರಣೆಗೆ, ಒಂದು ಸಂಗ್ರಹದಲ್ಲಿ 120 ಕಟ್ಟುಗಳಿದ್ದು, ಸರಾಸರಿ 150 ಗರಿಗಳಿವೆ ಎಂದಿಟ್ಟುಕೊಂಡರೆ ಒಟ್ಟು 18,000 ಗರಿಗಳಾಗುತ್ತವೆ. ಎರಡೂ ಬದಿಗಳನ್ನು ಪ್ರತ್ಯೇಕವಾಗಿ ಚಿತ್ರೀಕರಿಸಿದಲ್ಲಿ 36,000 ಚಿತ್ರಗಳು. ದಿನಕ್ಕೆ 600 ಚಿತ್ರಗಳಂತೆ 60 ಕೆಲಸದ ದಿನಗಳು ಬೇಕು. ಪ್ರತಿ ಚಿತ್ರಕ್ಕೆ 25 ಎಂ.ಬಿ. ಎಂದರೆ ಒಂದು ಪ್ರತಿಗೆ 900 ಜಿ.ಬಿ., ಬೇರೆ ಬೇರೆ ಸ್ಥಳಗಳಲ್ಲಿ ಇಡುವ ಎರಡು ಪ್ರತಿಗಳಿಗೆ 1,800 ಜಿ.ಬಿ. ಸ್ಥಳಾವಕಾಶ ಬೇಕಾಗುತ್ತದೆ. ಇದೇ ಸಂಗ್ರಹವನ್ನು ಎಣಿಸದೆ 'ಸುಮಾರು 100 ಕಟ್ಟು, ತಲಾ 80 ಗರಿ' ಎಂದು ಅಂದಾಜಿಸಿದಲ್ಲಿ ಕೇವಲ 16,000 ಚಿತ್ರಗಳಿಗೆ ಹಣ ಮಂಜೂರಾಗಿ, ಅರ್ಧಕ್ಕೂ ಮುನ್ನವೇ ಕಾರ್ಯವು ನಿಲ್ಲುತ್ತದೆ. ಹೆಚ್ಚುವರಿ ಹಣ ಕೋರಲು ಅವಕಾಶವಿರುತ್ತದೆ ಎಂದು ಭಾವಿಸತಕ್ಕದ್ದಲ್ಲ.

ಅಂದಾಜು ಪಟ್ಟಿಯಲ್ಲಿ ಆವರ್ತಕ ವೆಚ್ಚ (ಗೌರವಧನ, ಸಾಮಗ್ರಿ, ಪ್ರಯಾಣ) ಮತ್ತು ಅನಾವರ್ತಕ ವೆಚ್ಚ (ಬೀರು, ಉಪಕರಣ) ಪ್ರತ್ಯೇಕವಾಗಿರಬೇಕು. ಉಪಕರಣಗಳಿಗೆ ಕನಿಷ್ಠ 3 ದರಪಟ್ಟಿಗಳನ್ನು ಪಡೆದು ತುಲನಾತ್ಮಕ ತಃಖ್ತೆಯನ್ನು ಲಗತ್ತಿಸುವುದು ಒಳಿತು. ಸಂಸ್ಥೆಯು ತನ್ನ ಪಾಲನ್ನು ಭರಿಸಬೇಕಾದ ಯೋಜನೆಗಳಲ್ಲಿ ಆ ಹಣವು ಎಲ್ಲಿಂದ ಬರುವುದೆಂದು ನಮೂದಿಸಿ, ಆಡಳಿತ ಮಂಡಳಿಯ ಠರಾವನ್ನು ಲಗತ್ತಿಸಬೇಕು.

7. ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು

(1) ನೋಂದಣಿ ಪ್ರಮಾಣಪತ್ರ, ಸಂಘದ ಉಪವಿಧಿಗಳು ಅಥವಾ ನ್ಯಾಸ ಪತ್ರ
(2) ಹಾಲಿ ಆಡಳಿತ ಮಂಡಳಿಯ ಪಟ್ಟಿ
(3) ಕಳೆದ 3 ವರ್ಷಗಳ ಲೆಕ್ಕಪರಿಶೋಧನಾ ವರದಿ, ಆದಾಯ-ವೆಚ್ಚ ಮತ್ತು ಆಸ್ತಿ-ಹೊಣೆಗಾರಿಕೆ ತಃಖ್ತೆಗಳು
(4) ಸಂಸ್ಥೆಯ ಪ್ಯಾನ್, ದರ್ಪಣ್ ಗುರುತಿನ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ವಿವರ
(5) ಸಂಗ್ರಹದ ದಾಸ್ತಾನು ಪಟ್ಟಿ ಮತ್ತು ಮಾದರಿ ಛಾಯಾಚಿತ್ರಗಳು
(6) ಮಹತ್ವದ ಮೌಲ್ಯಮಾಪನ ಮತ್ತು ಸ್ಥಿತಿಗತಿ ವರದಿ
(7) ಒಡೆತನದ ದಾಖಲೆ ಅಥವಾ ಪಾಲನಾ ಒಡಂಬಡಿಕೆ
(8) ಕ್ರಿಯಾ ಯೋಜನೆ, ಕಾಲಮಿತಿ ಮತ್ತು ಅಂದಾಜು ಪಟ್ಟಿ
(9) ಇದೇ ಕಾರ್ಯಕ್ಕೆ ಬೇರೆಡೆಯಿಂದ ಧನಸಹಾಯ ಪಡೆದಿಲ್ಲ ಹಾಗೂ ಕೋರಿಲ್ಲ ಎಂಬ ದೃಢೀಕರಣ

ಕ್ರಮಸಂಖ್ಯೆ 9ರ ಬಗ್ಗೆ ವಿಶೇಷ ಗಮನ ನೀಡತಕ್ಕದ್ದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ಪ್ರಕಾರ ಒಂದೇ ಉದ್ದೇಶಕ್ಕೆ ಎರಡು ಇಲಾಖೆಗಳಿಂದ ಧನಸಹಾಯ ಕೋರುವಂತಿಲ್ಲ. ಆದರೆ ಪಟ್ಟಿ ತಯಾರಿಕೆಗೆ ಒಂದು ಮೂಲದಿಂದ ಹಾಗೂ ಬೇರೆ ಹಂತದ ಬೇರೆ ಕಾರ್ಯಕ್ಕೆ ಮತ್ತೊಂದು ಮೂಲದಿಂದ ನೆರವು ಕೋರುವಾಗ, ಎರಡೂ ಅರ್ಜಿಗಳಲ್ಲಿ ಆ ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕು.

8. ಮಂಜೂರಾತಿಯ ನಂತರದ ಹೊಣೆಗಾರಿಕೆ

8.1 ಮಂಜೂರಾತಿ ಆದೇಶದಲ್ಲಿ ನಮೂದಿಸಿದ ಉದ್ದೇಶಕ್ಕೆ ಮಾತ್ರ ಹಣವನ್ನು ಬಳಸತಕ್ಕದ್ದು. ಪ್ರತ್ಯೇಕ ನಗದು ಪುಸ್ತಕ, ವೋಚರು ಕಡತ ಮತ್ತು ದಾಸ್ತಾನು ವಹಿಯನ್ನು ನಿರ್ವಹಿಸಬೇಕು.

8.2 ಕೇಂದ್ರದ ಧನಸಹಾಯಕ್ಕೆ ಹಣ ಬಳಕೆ ಪ್ರಮಾಣಪತ್ರವನ್ನು ಜಿ.ಎಫ್.ಆರ್. 12-ಎ ನಮೂನೆಯಲ್ಲಿ, ಸಂಬಂಧಪಟ್ಟ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಸಲ್ಲಿಸಬೇಕು. ಕಂತುಗಳಲ್ಲಿ ಬಿಡುಗಡೆಯಾಗುವ ಧನಸಹಾಯದಲ್ಲಿ ಹಿಂದಿನ ಕಂತಿನ ಲೆಕ್ಕ ಸಲ್ಲಿಕೆಯಾಗದೆ ಮುಂದಿನ ಕಂತನ್ನು ನಿರೀಕ್ಷಿಸುವಂತಿಲ್ಲ.

8.3 ಧನಸಹಾಯದ ಮೊತ್ತಕ್ಕೆ ಬಂದ ಬಡ್ಡಿಯು ಸಂಸ್ಥೆಯ ಆದಾಯವಲ್ಲ. ಅದನ್ನು ಸರ್ಕಾರಕ್ಕೆ ಜಮಾ ಮಾಡಬೇಕು.

8.4 ಧನಸಹಾಯದಿಂದ ಖರೀದಿಸಿದ ಬೀರು, ಉಪಕರಣ ಮುಂತಾದ ಆಸ್ತಿಗಳನ್ನು ಪೂರ್ವಾನುಮತಿಯಿಲ್ಲದೆ ಮಾರಾಟ ಮಾಡುವಂತಿಲ್ಲ, ಅಡಮಾನ ಇಡುವಂತಿಲ್ಲ ಅಥವಾ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

9. ಅರ್ಜಿಗಳಲ್ಲಿ ಕಂಡುಬರುವ ಸಾಮಾನ್ಯ ನ್ಯೂನತೆಗಳು

ದಾಸ್ತಾನು ಪಟ್ಟಿ ಇಲ್ಲದಿರುವುದು. ಪಟ್ಟಿಯಲ್ಲಿನ ಸಂಖ್ಯೆ ಮತ್ತು ಅಂದಾಜಿನಲ್ಲಿನ ಸಂಖ್ಯೆಗಳು ಹೊಂದಾಣಿಕೆಯಾಗದಿರುವುದು. ಸಂರಕ್ಷಣೆಗಿಂತ ಕಟ್ಟಡ ಮತ್ತು ಸಮಾರಂಭಕ್ಕೆ ಹೆಚ್ಚು ಹಣ ಕೋರಿರುವುದು. ಚಿಕಿತ್ಸೆ ನೀಡುವ ತಜ್ಞರ ಒಪ್ಪಿಗೆ ಪತ್ರ ಲಗತ್ತಿಸದಿರುವುದು. ಸಂಘದ ನೋಂದಣಿ ಸಂಬಂಧಿತ ವಾರ್ಷಿಕ ಸಲ್ಲಿಕೆಗಳು ಬಾಕಿ ಇರುವುದು. ಧನಸಹಾಯದ ಅವಧಿ ಮುಗಿದ ನಂತರ ಸಂಗ್ರಹವನ್ನು ಯಾರು ನೋಡಿಕೊಳ್ಳುವರೆಂದು ತಿಳಿಸದಿರುವುದು. ಕೊನೆಯ ಅಂಶವು ಚಿಕ್ಕದೆನಿಸಿದರೂ ಸಾರ್ವಜನಿಕ ಹಣವು ಸಾರ್ಥಕವಾಗುವುದೇ ಎಂಬುದು ಅದನ್ನೇ ಅವಲಂಬಿಸಿದೆ.

10. ಧನಸಹಾಯಕ್ಕೆ ಮುನ್ನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು

ಅರ್ಜಿ ಸಲ್ಲಿಸಿ ಮಂಜೂರಾತಿ ದೊರೆಯುವವರೆಗೆ ಒಂದೆರಡು ಮಳೆಗಾಲಗಳು ಕಳೆಯಬಹುದು. ಮಲೆನಾಡು ಮತ್ತು ಕರಾವಳಿಯಲ್ಲಿ ಒಂದು ಮಳೆಗಾಲದ ತೇವವೇ ಒಂದು ಕಟ್ಟನ್ನು ಹಾಳುಮಾಡಲು ಸಾಕು. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಕೂಡಲೇ ಕೈಗೊಳ್ಳುವಂತೆ ಸೂಚಿಸಲಾಗಿದೆ.

- ಕಟ್ಟುಗಳನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಅಥವಾ ಅಟ್ಟದ ಮೇಲೆ ಹೆಂಚಿನ ಕೆಳಗೆ ಇಡಬಾರದು.
- ಒದ್ದೆಯಾದ ಗರಿ ಅಥವಾ ಕಾಗದವನ್ನು ಬಿಸಿಲಿಗೆ ಹಾಕಬಾರದು. ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಬೇಕು.
- ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬಾರದು.
- ಪಾರದರ್ಶಕ ಅಂಟುಪಟ್ಟಿ, ಲ್ಯಾಮಿನೇಷನ್, ಪಿನ್ನು ಮತ್ತು ರಬ್ಬರ್ ಬ್ಯಾಂಡ್ ಬಳಸಬಾರದು.
- ಕೀಟನಾಶಕವನ್ನು ಗ್ರಂಥದ ಮೇಲೆ ನೇರವಾಗಿ ಸಿಂಪಡಿಸಬಾರದು. ಬೇವಿನ ಎಲೆ, ಬಜೆ ಮುಂತಾದ ರೂಢಿಯ ವಸ್ತುಗಳನ್ನು ಬಟ್ಟೆಯಲ್ಲಿ ಕಟ್ಟಿ ಗರಿಗೆ ತಾಗದಂತೆ ಇಡಬಹುದು.
- ಅಡುಗೆ ಎಣ್ಣೆ ಹಚ್ಚಬಾರದು. ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆಯಂತಹವುಗಳನ್ನು ಬಳಸುವ ಪದ್ಧತಿಯಿದ್ದರೂ ತರಬೇತಿ ಪಡೆದವರು ಮಾತ್ರ ಮಾಡಬೇಕು. ಗರಿಯನ್ನು ಕೊರೆದು ಬರೆಯದೆ ಶಾಯಿಯಿಂದ ಬರೆದಿದ್ದಲ್ಲಿ ಎಣ್ಣೆಯಿಂದ ಅಕ್ಷರಗಳಿಗೆ ಹಾನಿಯಾಗಬಹುದು.

ಜೈನ ಬಸದಿಗಳಲ್ಲಿ ಶ್ರುತ ಪಂಚಮಿಯಂದು ಹಾಗೂ ಅನೇಕ ಮನೆಗಳಲ್ಲಿ ನವರಾತ್ರಿಯ ಸರಸ್ವತಿ ಪೂಜೆಯಂದು ಗ್ರಂಥಗಳನ್ನು ಹೊರತೆಗೆಯುವ ಸಂಪ್ರದಾಯವಿದೆ. ಈ ದಿನಗಳಲ್ಲಿ ಕಟ್ಟುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಸ್ಥಿತಿಯನ್ನು ವಹಿಯಲ್ಲಿ ಬರೆಯುವ ಪದ್ಧತಿ ರೂಢಿಸಿಕೊಂಡಲ್ಲಿ ವಾರ್ಷಿಕ ಪರಿಶೀಲನೆಯು ತಾನಾಗಿಯೇ ನಡೆಯುತ್ತದೆ. ಅರಿಶಿನ, ಕುಂಕುಮ, ನೀರು ಮತ್ತು ಎಣ್ಣೆಯ ದೀಪಗಳನ್ನು ಗ್ರಂಥದಿಂದ ದೂರವಿಟ್ಟು ಪೂಜೆ ಸಲ್ಲಿಸುವಂತೆ ಕೋರಲಾಗಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಟ್ಟಿ ಸಲ್ಲಿಸಿದಲ್ಲಿ ಅಥವಾ ಧನಸಹಾಯ ಪಡೆದಲ್ಲಿ ಹಸ್ತಪ್ರತಿಗಳು ಸರ್ಕಾರದ ಸ್ವತ್ತಾಗುವುವೇ?
ಉತ್ತರ: ಪಟ್ಟಿ ಸಲ್ಲಿಸಿದ ಅಥವಾ ಧನಸಹಾಯ ಪಡೆದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. 1972ರ ಕಾಯ್ದೆಯಡಿ ಪ್ರಾಚೀನ ವಸ್ತುಗಳನ್ನು ಪರಿಹಾರ ನೀಡಿ ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವು ಕೇಂದ್ರ ಸರ್ಕಾರಕ್ಕೆ ಇದೆ. ಅದು ಧನಸಹಾಯಕ್ಕೆ ಸಂಬಂಧಿಸಿದ್ದಲ್ಲ. ಧಾರ್ಮಿಕ ಆಚರಣೆಯಲ್ಲಿ ಪ್ರಾಮಾಣಿಕವಾಗಿ ಬಳಕೆಯಲ್ಲಿರುವ ವಸ್ತುಗಳಿಗೆ ಆ ಅಧಿಕಾರವು ಅನ್ವಯಿಸುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಚಿತ್ರಸಹಿತ ಹಸ್ತಪ್ರತಿಗಳಿವೆ. ನೋಂದಣಿ ಅಗತ್ಯವೇ?
ಉತ್ತರ: ಹೌದು. ಚಿತ್ರಗಳುಳ್ಳ ಪ್ರಾಚೀನ ಹಸ್ತಪ್ರತಿಗಳು, ಶಿಲ್ಪಗಳು ಮತ್ತು ವರ್ಣಚಿತ್ರಗಳನ್ನು ಕಾಯ್ದೆಯಡಿ ನೋಂದಣಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕು. ಕಳವಾದ ವಸ್ತುವನ್ನು ಮರಳಿ ಪಡೆಯಲು ನೋಂದಣಿಯ ಛಾಯಾಚಿತ್ರವು ಮುಖ್ಯ ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ಹಸ್ತಪ್ರತಿಯನ್ನು ಹೊರದೇಶದ ಸಂಶೋಧಕರಿಗೆ ಕಳುಹಿಸಬಹುದೇ?
ಉತ್ತರ: ಇಲ್ಲ. ಪ್ರಾಚೀನ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದು ಅಪರಾಧವಾಗಿದ್ದು, ಕನಿಷ್ಠ 6 ತಿಂಗಳಿನಿಂದ 3 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಡಿಜಿಟಲ್ ಪ್ರತಿಯನ್ನು ಒದಗಿಸಬಹುದು.

ಪ್ರಶ್ನೆ: ಡಿಜಿಟಲ್ ಚಿತ್ರಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಲೇಬೇಕೇ?
ಉತ್ತರ: ಇದು ಒಡಂಬಡಿಕೆಯನ್ನು ಅವಲಂಬಿಸಿದೆ. ಸಹಿ ಮಾಡುವ ಮುನ್ನ ಚಿತ್ರಗಳ ಪ್ರತಿ ಯಾರ ಬಳಿ ಇರುವುದು, ಯಾರು ನೋಡಬಹುದು, ಸಂಸ್ಥೆಯ ಹೆಸರನ್ನು ಹೇಗೆ ನಮೂದಿಸಬೇಕು ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ಒಂದು ಪೂರ್ಣ ಪ್ರತಿಯನ್ನು ಸಂಸ್ಥೆಯು ತಪ್ಪದೆ ಕೇಳಿ ಪಡೆಯತಕ್ಕದ್ದು.

ಪ್ರಶ್ನೆ: ನಮ್ಮದು ಒಂದು ಮನೆತನದ ಸಂಗ್ರಹ, ಸಂಸ್ಥೆ ಇಲ್ಲ. ನೆರವು ದೊರೆಯುವುದೇ?
ಉತ್ತರ: ಜ್ಞಾನ ಭಾರತಂ ಅಭಿಯಾನದ ವ್ಯಾಪ್ತಿಗೆ ಖಾಸಗಿ ಸಂಗ್ರಹಗಳೂ ಸೇರುವುದರಿಂದ ಸಮೀಕ್ಷೆ ಮತ್ತು ದಾಖಲೀಕರಣಕ್ಕೆ ಸಂಪರ್ಕಿಸಬಹುದು. ನಗದು ಧನಸಹಾಯಕ್ಕೆ ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆ ಅಗತ್ಯ. ಒಡೆತನವನ್ನು ಉಳಿಸಿಕೊಂಡು, ಪಾಲನಾ ಒಡಂಬಡಿಕೆಯ ಮೂಲಕ ಸ್ಥಳೀಯ ಸಂಘ ಅಥವಾ ವಿಶ್ವವಿದ್ಯಾಲಯದೊಂದಿಗೆ ಸೇರಿ ಅರ್ಜಿ ಸಲ್ಲಿಸುವುದು ಒಂದು ಮಾರ್ಗ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸರ ಪರಿಶ್ರಮದಿಂದ ರೂಪುಗೊಂಡ ವಸ್ತು ಸಂಗ್ರಹಾಲಯವು ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯ ಪಡೆದಿರುವುದು ಇದಕ್ಕೆ ನಿದರ್ಶನ.

12. ವಿಶೇಷ ಸೂಚನೆ

ಧನಸಹಾಯ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವ ಅಥವಾ ಪರಿಶೀಲನೆಗೆಂದು ಮೂಲ ಹಸ್ತಪ್ರತಿಗಳನ್ನು ಕೊಂಡೊಯ್ಯಲು ಬಯಸುವ ಮಧ್ಯವರ್ತಿಗಳನ್ನು ನಂಬಬಾರದು. ಅಧಿಕೃತ ಸಮೀಕ್ಷಕರ ಗುರುತಿನ ಚೀಟಿಯನ್ನು ಪರಿಶೀಲಿಸಿ, ಸಮೀಕ್ಷೆಯನ್ನು ಸಂಗ್ರಹವಿರುವ ಸ್ಥಳದಲ್ಲಿಯೇ ಸಂಸ್ಥೆಯ ಪದಾಧಿಕಾರಿಗಳ ಸಮ್ಮುಖದಲ್ಲಿ ನಡೆಸುವಂತೆ ಕೋರಬೇಕು. ಚಿಕಿತ್ಸೆಗಾಗಿ ಯಾವುದೇ ಕಟ್ಟನ್ನು ಹೊರಗೆ ಕಳುಹಿಸಬೇಕಾದಲ್ಲಿ ಗರಿಗಳ ಸಂಖ್ಯೆ, ಛಾಯಾಚಿತ್ರ ಮತ್ತು ಹಿಂದಿರುಗಿಸುವ ದಿನಾಂಕದೊಂದಿಗೆ ಸ್ವೀಕೃತಿ ಪತ್ರ ಪಡೆಯತಕ್ಕದ್ದು. ಹಿಂದಿರುಗಿ ಬಂದಾಗ ಗರಿಗಳನ್ನು ಮತ್ತೊಮ್ಮೆ ಎಣಿಸಿ, ವಹಿಯಲ್ಲಿ ದಾಖಲಿಸಿ ಸಹಿ ಮಾಡತಕ್ಕದ್ದು.